ನಾಲ್ಕನೇ ಜ್ವರ

ಮುರಳಿಮೋಹನನಿಗೆ ಸಿಟ್ಟು ಬಂದರೆ, ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಕೂತು ಅವನು ಹಲ್ಲು ಕಡಿದ ಸದ್ದಿಗೆ ಚಿಂತಾಮಣಿಯಲ್ಲಿ ಹಾಲು ಒಡೆಯುತ್ತಿತ್ತು. ಗೌರಿಬಿದನೂರಿನಲ್ಲಿ ರೈಲು ಹಳಿಯ ಮೇಲೆ ನಿಂತಲ್ಲೇ ಬೆವರುತ್ತಿತ್ತು. ನಂದಿಬೆಟ್ಟ ಎರಡು ಮಾರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಒಮ್ಮೆಯಂತೂ ಅವನ ಸಿಟ್ಟಿನ ಬಿಸಿ ತಾಗಿ, ಚಂದ್ರಿಕೆಯ ಬಿದಿರು ತಟ್ಟಿಗೆ ಬಿಟ್ಟಿದ್ದ ರೇಷ್ಮೆಹುಳುಗಳು ಹೆದರಿ ಮೂರು ದಿನ ಕಟ್ಟಬೇಕಾದ ಗೂಡನ್ನು ಮಧ್ಯಾಹ್ನದೊಳಗೆ ಕಟ್ಟಿ ಮುಗಿಸಿದ್ದವು. ಸಾಕ್ಷಿ ಕೇಳಿದವರಿಗೆ ಮುರಳಿಮೋಹನನೇ ಸಾಕ್ಷಿ.

ಅಂಥ ಸಿಟ್ಟು ಬುಧವಾರ ಸಂಜೆ ಬಂದಿತ್ತು. ಬಂದಿದೆ ಎಂದು ಅವನೇ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಸಂಗತಿ ಅವನ ಮಗಳು ಬಿಂದುಶ್ರೀಯದು. ಶಿಡ್ಲಘಟ್ಟದ ಶಾಲೆಯಲ್ಲಿ ಏಳನೇ ಕ್ಲಾಸು. ಅವಳೂ ಅವಳ ಕ್ಲಾಸಿನ ಅರ್ಧ ಹುಡುಗಿಯರೂ ಮೊಬೈಲಿನಲ್ಲಿ ‘ಗಾಜಿನ ಮುಗಿಲು’ ಅನ್ನುವ ಕಾರ್ಟೂನು ನೋಡುತ್ತಿದ್ದರು. ಅದರಲ್ಲಿ ಕಿಡಿ ಎಂಬ ಮರಿ ಡ್ರ್ಯಾಗನ್, ಅವಳಪ್ಪ ಉರಿಯಪ್ಪ. ಮುಗಿಲು ಗಾಜಿನದು, ಹಾರಿದರೆ ತಲೆ ಒಡೆದುಹೋಗುತ್ತದೆ ಎಂದು ಉರಿಯಪ್ಪ ಮಗಳಿಗೆ ಹುಟ್ಟಿದಾಗಿನಿಂದ ಹೇಳಿಕೊಂಡು ಬಂದಿರುತ್ತಾನೆ. ಹನ್ನೊಂದನೇ ಕಂತಿನಲ್ಲಿ ಕಿಡಿ ಹಾರಿಯೇ ಬಿಡುತ್ತಾಳೆ. ಮೇಲೆ ಗಾಜೂ ಇಲ್ಲ, ಮಣ್ಣೂ ಇಲ್ಲ. ಅಲ್ಲಿಂದ ಮುಂದಕ್ಕೆ ಅಪ್ಪ ಮಗಳಿಗೆ ಮಾತಿಲ್ಲ.

ಈ ಡ್ರ್ಯಾಗನ್ನುಗಳ ಸಂಸಾರದ ಪಂಚಾಯಿತಿ ಮನೆಯಲ್ಲಿ ದಿನವೂ ನಡೆಯುತ್ತಿತ್ತು. ಮುರಳಿಯ ತಾಯಿ ಅಮ್ಮಾಜಮ್ಮ ಉರಿಯಪ್ಪನ ಪರ. ಹೆಣ್ಣುಮಗು, ರೆಕ್ಕೆ ಬಲಿಯುವ ತನಕ ಅಪ್ಪನಾದವನು ಇನ್ನೇನು ಹೇಳಬೇಕು ಎಂಬುದು ಅವಳ ವಾದ. ಹೆಂಡತಿ ಶೋಭಾರಾಣಿ ಹಾಲಿನ ಡೇರಿಯ ಕಾರ್ಯದರ್ಶಿ, ಹಾಲಿಗೆ ನೀರು ಬೆರೆಸಿದವರನ್ನು ದಿನಕ್ಕೆರಡು ಹೊತ್ತು ಹಿಡಿಯುವವಳು. ಬಾಲವಿದ್ದರೂ ಸುಳ್ಳ ಸುಳ್ಳನೇ ಎಂದು ಅವಳು ಮುಗಿಸಿಬಿಟ್ಟಿದ್ದಳು. ಮುರಳಿಮೋಹನ ಮಾತ್ರ ಯಾವ ಪಕ್ಷಕ್ಕೂ ಸೇರದೆ, ಅಂಥದ್ದೊಂದು ಪ್ರಾಣಿಯನ್ನು ತಾನು ಮುದ್ದೇನಹಳ್ಳಿಯ ಹತ್ತಿರ ಕಣ್ಣಾರೆ ನೋಡಿದ್ದೇನೆ, ಅದರ ಬಾಲ ದಾಟುವುದಕ್ಕೆ ಬೈಕಿಗೆ ಅರ್ಧ ಲೀಟರ್ ಪೆಟ್ರೋಲು ಹಿಡಿಯಿತು ಎನ್ನುತ್ತಿದ್ದ.

ಆ ಕಾರ್ಟೂನನ್ನು ಕನ್ನಡಕ್ಕೆ ತರಲು ಒಂದು ಡಬ್ಬಿಂಗ್ ತಂಡ ಮಕ್ಕಳ ದನಿ ಹುಡುಕುತ್ತಿತ್ತು. ಕಿಡಿಗೆ ಪುಸ್ತಕದ ಕನ್ನಡ ಬೇಡ, ತೆಲುಗಿನ ರಾಗ ಅಂಟಿಕೊಂಡ ಈ ಕಡೆಯ ಕನ್ನಡವೇ ಬೇಕು ಎಂದಿದ್ದರು. ಹರಿಕೃಷ್ಣ ಮೇಷ್ಟ್ರು ಇಪ್ಪತ್ತು ಮಕ್ಕಳ ದನಿ ಫೋನಿನಲ್ಲಿ ಹಿಡಿದು ಕಳಿಸಿದ್ದರು. ಅದರಲ್ಲಿ ಇಬ್ಬರು ಆಯ್ಕೆಯಾದರು, ಒಬ್ಬಳು ಬಿಂದು. ಕೊನೆಯ ಪರೀಕ್ಷೆಗೆ ತಂಡದವರೇ ಮೈಕು ತೆಗೆದುಕೊಂಡು ಶಾಲೆಗೆ ಬರುವುದು, ಯಾವ ದಿನ ಎಂದು ಹಿಂದಿನ ಸಂಜೆ ತಿಳಿಸುವುದು ಎಂದಾಗಿತ್ತು. ಬಿಂದು ಅನ್ನ ತಿನ್ನುವಾಗಲೂ ಕಿಡಿಯ ಮಾತು ಗುಣುಗುಣು ಅನ್ನುತ್ತಿದ್ದಳು.

ಮಂಗಳವಾರ ಅಪ್ಪ ಅವಳಿಗೆ ಶಾಲೆ ತಪ್ಪಿಸಿ ಬೈಕಿನಲ್ಲಿ ಚಿಂತಾಮಣಿಗೆ, ಸೋದರತ್ತೆ ಕೊಂಡಮ್ಮನ ಮನೆಗೆ ಕರೆದುಕೊಂಡು ಹೋಗಿದ್ದ. ಹೋಳಿಗೆ ಊಟವಾಯಿತು, ಬರುವಾಗ ಹೊಸ ಚಪ್ಪಲಿಯಾಯಿತು. ಬುಧವಾರ ಶಾಲೆಗೆ ಹೋದರೆ, ಜ್ವರ ಬಿಟ್ಟಿತಾ ಎಂದು ಹರಿಕೃಷ್ಣ ಮೇಷ್ಟ್ರು ಹಣೆ ಮುಟ್ಟಿ ನೋಡಿದರು. ಪರೀಕ್ಷೆ ಮಂಗಳವಾರ ಹತ್ತು ಗಂಟೆಗೇ ನಡೆದುಹೋಗಿತ್ತು. ಇನ್ನೊಬ್ಬ ಹುಡುಗಿಯ ದನಿ ಹಿಡಿದುಕೊಂಡು ತಂಡ ಹೊರಟುಹೋಗಿತ್ತು.

ಬಿಂದು ಮನೆಗೆ ಬಂದು ಅಳಲಿಲ್ಲ. ಬ್ಯಾಗನ್ನು ಅಪ್ಪನ ಕಾಲ ಬಳಿ ಇಟ್ಟು, ತನಗೆ ಜ್ವರ ಎಂದು ಹೇಳಿದವರು ಯಾರು ಎಂದು ಕೇಳಿದಳು.

ಮುರಳಿಮೋಹನ ಬ್ಯಾಗನ್ನು ಎತ್ತಿ ಗೋಡೆಗೆ ಒರಗಿಸಿದ. ಆಮೇಲೆ ಅವನ ಪುಣ್ಯಕ್ಕೆ ಸಿಟ್ಟು ಬಂತು. ಮೇಷ್ಟ್ರು ಸೋಮವಾರ ಸಂಜೆ ಫೋನು ಮಾಡಿದ್ದು ನಿಜ, ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ, ಹೇಗಿದ್ದೀರಿ ಎಂದರು, ಮನೆಯಲ್ಲಿ ನಾಲ್ಕನೇ ಜ್ವರ ಸಾರ್, ನಾಳೆ ಬಿಂದೂನ ಕಳಿಸಲ್ಲ ಎಂದೆ, ಅಯ್ಯೋ ಪಾಪ ಎಂದು ಫೋನು ಇಟ್ಟರು, ಇಷ್ಟೇ ಆದದ್ದು ಎಂದ. ರೇಷ್ಮೆ ಸಾಕುವ ಊರಿನಲ್ಲಿ ಜ್ವರ ಎಂದರೆ ಏನೆಂದು ಅಂಗನವಾಡಿ ಮಗುವಿಗೂ ಗೊತ್ತು. ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ, ಅದಕ್ಕೆ ಜ್ವರ ಎನ್ನುವುದು. ಗೂಡು ಕಟ್ಟುವುದರೊಳಗೆ ಅಂಥವು ನಾಲ್ಕು. ಆದರೆ ಹರಿಕೃಷ್ಣ ಮೇಷ್ಟ್ರು ಮಂಗಳೂರು ಕಡೆಯವರು, ಈ ತಾಲ್ಲೂಕಿಗೆ ಬಂದು ನಾಲ್ಕು ತಿಂಗಳಾಗಿಲ್ಲ. ಹುಳುವಿನ ಜ್ವರವನ್ನು ಮಗುವಿಗೆ ಅಂಟಿಸಿಬಿಟ್ಟರು.

ಹೇಳುತ್ತ ಹೇಳುತ್ತ ಮುರಳಿಮೋಹನನ ಸಿಟ್ಟು ತಾನಾಗಿಯೇ ಬೆಳೆಯಿತು. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ನಲ್ಲಪ್ಪನಿಗೆ ಹೇಳಿದ. ಹಿಟ್ಟಿನ ಗಿರಣಿಯಲ್ಲಿ ಹೇಳಿದ. ಒಂದೊಂದು ಸಲ ಹೇಳುವಾಗಲೂ ಮೇಷ್ಟ್ರ ತಪ್ಪು ಒಂದೊಂದು ಗೇಣು ಉದ್ದವಾಯಿತು. ನಾಳೆ ಶಾಲೆಗೆ ಹೋಗಿ ಆ ಮೇಷ್ಟ್ರನ್ನು ಗಂಟೆಯ ಜಾಗದಲ್ಲಿ ನೇತುಹಾಕಿ ಬಾರಿಸುತ್ತೇನೆ, ಆ ಸದ್ದಿಗೆ ಗೌರಿಬಿದನೂರಿನ ಮಕ್ಕಳು ಮನೆಗೆ ಓಡಬೇಕು ಎಂದ. ಮಗಳಿಗೆ ಮೋಸವಾಗಿದೆ, ಅಪ್ಪನಾದವನು ಸುಮ್ಮನಿರುವುದುಂಟೇ. ತನ್ನ ಮಾತು ಕೇಳಿ ಅವನಿಗೇ ಕಣ್ಣು ತುಂಬಿತು.

“ಏಮಿರಾ ಮುರಳಿ, ಕಾಲಲ್ಲಿ ಹೋಗ್ತೀಯೋ, ಬರೀ ಬಾಯಲ್ಲೇ ಹೋಗ್ಬರ್ತೀಯೋ?” ಅಮ್ಮಾಜಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದಳು.

ಸೊಪ್ಪಿನ ಕೆಲಸ ಒಂದಿಷ್ಟು ಹಗುರಾಗಲಿ, ನೋಡೋಣ ಎನ್ನುವಷ್ಟಕ್ಕೆ ಅವನು ಬಂದಿದ್ದ. ಅಷ್ಟರಲ್ಲಿ ಬಿಂದು ಒಳಗಿನಿಂದ ಬಂದು, ನಾಳೆ ತಾನೂ ಜೊತೆಗೆ ಬರುತ್ತೇನೆ ಎಂದಳು. ಅವಳ ಮುಖದಲ್ಲಿ ಅವನು ಎಂದೂ ನೋಡಿರದ ಒಂದು ಗಟ್ಟಿತನವಿತ್ತು. ನನ್ನ ಪರವಾಗಿ ಜಗಳಕ್ಕೆ ನಿಲ್ಲುವ ಅಪ್ಪ ಇದ್ದಾನೆ ಎಂಬ ನಂಬಿಕೆಯೂ ಅದರಲ್ಲೇ ಇತ್ತು. ಆ ನಂಬಿಕೆ ನೋಡಿದ ಮೇಲೆ ಮುರಳಿಮೋಹನನಿಗೆ ಬೇಡ ಎನ್ನಲಾಗಲಿಲ್ಲ.

ಗುರುವಾರ ಬೆಳಗ್ಗೆ ದಾರಿಯುದ್ದಕ್ಕೂ ಅವನು ಮೇಷ್ಟ್ರನ್ನು ಬಯ್ದುಕೊಂಡೇ ಬೈಕು ಓಡಿಸಿದ. ಬಯ್ಯುವುದು ನಿಲ್ಲಿಸಿದರೆ ಹಿಂದೆ ಕೂತವಳು ಏನಾದರೂ ಕೇಳಿಬಿಟ್ಟಾಳು ಎಂಬ ಭಯ. ಶಾಲೆಯ ವರಾಂಡದಲ್ಲಿ ಅವಳನ್ನು ನಿಲ್ಲಿಸಿ, ಒಳಗೆ ನಾನಾಡುವ ಮಾತು ಮಕ್ಕಳು ಕೇಳುವಂಥದ್ದಲ್ಲ, ಇಲ್ಲೇ ಇರು ಎಂದು ಹೇಳಿ, ಶಿಕ್ಷಕರ ಕೋಣೆಯೊಳಗೆ ನುಗ್ಗಿದ.

ನುಗ್ಗಿದವನು ನೇತುಹಾಕಲಿಲ್ಲ. ಹರಿಕೃಷ್ಣ ಮೇಷ್ಟ್ರು ಅವನನ್ನು ಕಂಡ ಕೂಡಲೇ ಎದ್ದು ನಿಂತು ಕೈಮುಗಿದುಬಿಟ್ಟರು. ಜ್ವರದ ಅರ್ಥವನ್ನು ಹಿಂದಿನ ದಿನವೇ ಮಕ್ಕಳಿಂದ ತಿಳಿದುಕೊಂಡಿದ್ದರು, ರಾತ್ರಿಯೆಲ್ಲ ಅದೇ ಕೊರಗು ಎಂದರು.

“ತಪ್ಪು ನನ್ನದೇ ಮಾರಾಯ್ರೆ. ಹುಳಕ್ಕೆ ಜ್ವರ ಬರ್ತದೆ ಅಂತ ನನಗೆ ಗೊತ್ತೇ ಇಲ್ಲ. ನಾಳೆ ಹತ್ತು ಗಂಟೆಗೆ ಟೆಸ್ಟ್ ಉಂಟು, ಮಗುವನ್ನು ಕಳಿಸಿ ಅಂದೆ. ನೀವು ನಾಲ್ಕನೇ ಜ್ವರ ಅಂದ್ರಿ. ನಾಲ್ಕು ಸಲ ಜ್ವರ ಬಂದ ಮಗುವನ್ನು ಹೇಗೆ ಒತ್ತಾಯ ಮಾಡುವುದು ಅಂತ ಸುಮ್ಮನಾದೆ.”

ಇಲ್ಲಿಗೆ ನಿಲ್ಲಿಸಿದ್ದರೆ ಮುರಳಿಮೋಹನ ಬಚಾವು. ಆಯಿತು ಸಾರ್, ಆದದ್ದಾಯಿತು ಎಂದು ದೊಡ್ಡ ಮನಸ್ಸು ಮಾಡಿ ಹೊರಗೆ ಬರಬಹುದಿತ್ತು. ಆದರೆ ಎದುರಿಗೆ ಒಬ್ಬ ಮನುಷ್ಯ ಕೈಮುಗಿದು ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಿರುವಾಗ ಸುಮ್ಮನಾಗುವುದನ್ನು ಅವನು ಕಲಿತಿರಲಿಲ್ಲ. ಅವನ ದನಿ ಏರಿತು. ನಾಲ್ಕನೇ ಜ್ವರ ಎಂದರೆ ಆಟವಲ್ಲ ಸಾರ್ ಎಂದ. ಮಂಗಳವಾರ ಒಂದೇ ದಿನ ನಲವತ್ತು ಮಂಕರಿ ಹಿಪ್ಪುನೇರಳೆ ಸೊಪ್ಪು ಹಾಕಿದ್ದೇವೆ, ಲಕ್ಷ ಹುಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದಿಗೆ ಮನೆಯ ಶೀಟು ಅದುರುತ್ತಿತ್ತು, ಮಗಳು ಪಾಪ ಬೆಳಗ್ಗೆಯಿಂದ ಸೊಪ್ಪು ಹೊತ್ತೂ ಹೊತ್ತೂ ಹೆಗಲು ಸುಲಿದುಕೊಂಡಳು, ಅಂಥ ದಿನ ಅವಳನ್ನು ಹೇಗೆ ಕಳಿಸಲಿ ಎಂದ.

“ಜ್ವರದಲ್ಲಿ ಹುಳ ಸೊಪ್ಪು ಮುಟ್ಟಲ್ಲ ಸಾರ್.”

ಬಿಂದು ಬಾಗಿಲಲ್ಲಿ ನಿಂತಿದ್ದಳು. ಅವಳು ಅಪ್ಪನ ಕಡೆ ನೋಡಲಿಲ್ಲ, ಮೇಷ್ಟ್ರಿಗೇ ಹೇಳಿದಳು.

“ಒಂದು ಎಲೇನೂ ತಿನ್ನಲ್ಲ. ಅವತ್ತು ಮನೇಲಿ ಯಾರ್ಗೂ ಕೆಲ್ಸ ಇರಲ್ಲ. ಅದ್ಕೇ ನಾವು ಚಿಂತಾಮಣಿಗೆ ಹೋಗಿದ್ವಿ. ಅತ್ತೆ ಮನೇಲಿ ಹೋಳಿಗೆ ತಿಂದ್ವಿ.”

ಮೇಷ್ಟ್ರು ಮುಗಿದಿದ್ದ ಕೈಯನ್ನು ನಿಧಾನವಾಗಿ ಇಳಿಸಿದರು.

ಈಗ ಬಂತು ಮುರಳಿಮೋಹನನಿಗೆ ನಿಜವಾದ ಸಿಟ್ಟು. ಹಾಲೂ ಒಡೆಯಲಿಲ್ಲ, ಬೆಟ್ಟವೂ ಸರಿಯಲಿಲ್ಲ, ಕಿವಿ ಮಾತ್ರ ಕೆಂಪಗೆ ಕಾದವು. ದೊಡ್ಡವರು ಮಾತಾಡುವ ಕಡೆ ತಲೆ ಹಾಕುವುದನ್ನು ಯಾರು ಕಲಿಸಿದರು ಎಂದು ಅವಳ ಮೇಲೆ ಹರಿಹಾಯ್ದ. ಹೊರಗೆ ನಿಲ್ಲು ಎಂದರೆ ನಿಲ್ಲಲಾಗದ ಕಾಲು ಕಾಲೇ ಅಲ್ಲ ಎಂದ. ಈ ಕಾರ್ಟೂನು ನೋಡಿಯೇ ಮಕ್ಕಳು ಹಾಳಾಗುತ್ತಿರುವುದು ಎಂದ. ಅವಳು ಹೆದರಿ ಹಿಂದೆ ಸರಿಯಬಹುದು ಎಂದುಕೊಂಡಿದ್ದ. ಅವಳು ಒಂದು ಹೆಜ್ಜೆ ಒಳಗೆ ಬಂದಳು.

“ಟೆಸ್ಟು ಯಾವತ್ತು ಅಂತ ನಿಂಗೊತ್ತಿತ್ತು,” ಎಂದಳು. “ಗೊತ್ತಿದ್ದೇ ಚಪ್ಪಲಿ ಕೊಡಿಸ್ದೆ.”

ಅವನು ಮೇಷ್ಟ್ರ ಕಡೆ ತಿರುಗಿ, ತಂದೆಯ ಕಷ್ಟ ನಿಮಗೆ ಗೊತ್ತಿಲ್ಲ ಸಾರ್ ಎಂದು ಶುರು ಮಾಡಿದ. ಆಯ್ಕೆಯಾದರೆ ವಾರ ವಾರ ರೆಕಾರ್ಡಿಂಗಿಗೆ ಅಷ್ಟು ದೂರ ಹೋಗಬೇಕು, ಎಂಥ ಜನವೋ ಏನೋ, ಎಳೆಯ ಮಗು, ಓದು ಹಾಳಾದರೆ ಯಾರು ಹೊಣೆ. ಒಂದೊಂದೂ ನ್ಯಾಯವಾದ ಮಾತೇ. ಆದರೆ ಅವನ ಬಾಯಲ್ಲಿ ಅವು ಯಾಕೋ ಬಾಡಿದ ಸೊಪ್ಪಿನ ಹಾಗೆ ಜೋತುಬಿದ್ದವು.

“ಉರಿಯಪ್ಪ ಆದ್ರೂ ಹನ್ನೊಂದು ಕಂತು ಸುಳ್ಳು ಹೇಳ್ದ,” ಎಂದಳು ಬಿಂದು. “ನೀನು ಒಂದೇ ಫೋನಲ್ಲಿ ಮುಗಿಸ್ಬಿಟ್ಟೆ.”

ಹರಿಕೃಷ್ಣ ಮೇಷ್ಟ್ರು ಸಾಧು ಮನುಷ್ಯ. ಆದರೂ ರಾತ್ರಿಯೆಲ್ಲ ಸುಮ್ಮನೆ ಕೊರಗಿದ್ದರ ಬಿಸಿ ಅವರಿಗೂ ಇತ್ತು. ಅವರು ಮೊಬೈಲು ತೆಗೆದು ಡಬ್ಬಿಂಗ್ ತಂಡದ ಮೇಡಂಗೆ ಫೋನು ಹಚ್ಚಿದರು. ಒಂದು ವಿಷಯ ತಪ್ಪು ತಿಳಿಸಿದ್ದೆ, ಮಗುವಿನ ತಂದೆಯೇ ಸರಿ ಮಾಡುತ್ತಾರೆ ಎಂದು ಹೇಳಿ ಫೋನನ್ನು ಮುರಳಿಮೋಹನನ ಕೈಗೆ ಕೊಟ್ಟರು.

ಮುರಳಿಮೋಹನ ಗಂಟಲು ಸರಿಮಾಡಿಕೊಂಡ. ನಮಸ್ಕಾರ ಮೇಡಂ, ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನನ್ನ ಮಗಳಂಥ ದನಿ ಎಂದು ಆರಂಭಿಸಿದವನು ಬಿಂದುವಿನ ಮುಖ ನೋಡಿ ನಿಂತುಹೋದ. ಅಷ್ಟು ಸಿಟ್ಟನ್ನು ಅಷ್ಟು ಚಿಕ್ಕ ಮುಖದಲ್ಲಿ ಅವನು ಕಂಡಿರಲಿಲ್ಲ. ಅವಳ ಸಿಟ್ಟಿಗೆ ಬೆಟ್ಟವೂ ಬೇಕಿರಲಿಲ್ಲ, ರೈಲೂ ಬೇಕಿರಲಿಲ್ಲ.

“ಮಗೂಗೆ ಜ್ವರ ಇರ್ಲಿಲ್ಲ ಮೇಡಂ,” ಎಂದ. “ನಾನು ಸುಳ್ಳು ಹೇಳ್ದೆ.”

ಆ ಕಡೆಯ ಮೇಡಂ ಪಕ್ಕದವರನ್ನು ಏನೋ ಕೇಳಿಕೊಂಡರು. ಕೊನೆಗೆ, ಇನ್ನೊಂದು ಮಗುವಿನ ದನಿ ಆಗಲೇ ಮೇಲಿನವರಿಗೆ ಹೋಗಿದೆ, ಶನಿವಾರ ಸ್ಟುಡಿಯೋಗೆ ಬಂದರೆ ಇವಳದನ್ನೂ ಹಿಡಿದು ಕಳಿಸುತ್ತೇವೆ, ಸಿಗುತ್ತದೆಂದು ಮಾತು ಕೊಡಲಾರೆವು, ಮನೆಯವರೊಬ್ಬರು ಜೊತೆಗಿರಲೇಬೇಕು ಎಂದರು. ಮುರಳಿಮೋಹನ ಅದನ್ನು ಹಾಗೆಯೇ, ಒಂದಕ್ಷರ ಸೇರಿಸದೆ ಮಗಳಿಗೆ ತಿಳಿಸಿದ. ಆಮೇಲೆ, ಬೈಕಿಗೆ ನಾಳೆಯೇ ಗಾಳಿ ತುಂಬಿಸಿಡುತ್ತೇನೆ ಎಂದ.

“ನೀನು ಬೇಡ,” ಎಂದಳು ಬಿಂದು. “ಅಮ್ಮ ಬರ್ತಾಳೆ.”

ಹೊರಗೆ ಬಂದು ಬೈಕು ಸ್ಟಾರ್ಟು ಮಾಡಿದ. ಅವಳನ್ನು ಮನೆಗೆ ಕರೆದೊಯ್ಯಬೇಕೋ, ಕ್ಲಾಸಿಗೆ ಕಳಿಸಬೇಕೋ ತಿಳಿಯಲಿಲ್ಲ. ಅವಳು ಎರಡೂ ಕಡೆ ಹೋಗದೆ ಎದುರಿಗೇ ನಿಂತಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದಳು. ದೂರ, ಜನ, ಓದು ಎಂದು ಅವನು ಮತ್ತೆ ಶುರು ಮಾಡಿದ. ಅದಲ್ಲ ಎಂದಳು. ಅಜ್ಜಿ ಬೇಡ ಅಂದಳು ಎಂದ. ಅದೂ ಅಲ್ಲ ಎಂದಳು. ಅವನು ಬೈಕು ಆಫ್ ಮಾಡಿದ. ಸದ್ದು ನಿಂತ ಮೇಲೆ ಅಡಗಿಕೊಳ್ಳಲು ಏನೂ ಉಳಿಯಲಿಲ್ಲ.

“ಭಾನುವಾರ ಜಗಲಿ ಮೇಲೆ ನಾನು ಕತೆ ಹೇಳ್ತಿದ್ದೆ,” ಎಂದ. ಕಣ್ಣು ಕೀಲಿಯ ಮೇಲಿತ್ತು. “ನೀನು ಒಳಗಿಂದ ಬಂದು ಕಿಡಿ ಮಾತು ಓದೋಕೆ ನಿಂತ್ಕೊಂಡೆ. ಅಷ್ಟೇ, ನನ್ ಕತೆ ಅರ್ಧದಲ್ಲೇ ಬಿಟ್ಟು ಎಲ್ಲಾರೂ ನಿನ್ ಕಡೆ ತಿರುಗಿದ್ರು. ಊರಿಗೆ ಊರೇ ತಿರುಗ್ತು. ಆಮೇಲೆ ಏನಾಯ್ತು ಮುರಳಿ ಅಂತ ಒಬ್ರೂ ಕೇಳ್ಲಿಲ್ಲ. ಹೊಟ್ಟೆ ಉರೀತು ಕಣಮ್ಮ. ಸ್ವಂತ ಮಗಳ ಮೇಲೆ.”

ಬಿಂದುವಿನ ಮುಖ ಸಡಿಲವಾಗಲಿಲ್ಲ.

“ಊರಿಗೆ ಊರೇ?”

ಅವನು ತಲೆ ತಗ್ಗಿಸಿಕೊಂಡು ಮನಸ್ಸಿನಲ್ಲೇ ಎಣಿಸಿದ.

“ನಾಲ್ಕು ಜನ,” ಎಂದ. ಮತ್ತೊಮ್ಮೆ ಎಣಿಸಿ, “ಅಲ್ಲ, ಮೂರು. ನಿಮ್ಮಜ್ಜಿ ನಿದ್ದೆ ಮಾಡ್ತಿದ್ಲು.”