ಮನೆಯವರು ಒಪ್ಪಲಿಲ್ಲ

ಮಿಸ್ಬಾ ಮನೆಯ ಚಾಪೆಯ ಮೇಲೆ ರಕ್ತ ಸುರಿಸುತ್ತ ಮಲಗಿದ್ದ ಎರಡೂವರೆ ಗಂಟೆಯೂ ಆ ಹೋಬಳಿಯ ಆಂಬುಲೆನ್ಸ್ ರಾಮನಗರದ ಮೈದಾನದ ಆಚೆ, ಮಂತ್ರಿಯ ಕಾರುಗಳ ಸಾಲಿನ ಕೊನೆಯಲ್ಲಿ ನಿಂತಿತ್ತು. ಸಂಜೆ ಐದಕ್ಕೆ ಮಿಸ್ಬಾ ತೀರಿಕೊಂಡಳು. ಎಂಟು ತಿಂಗಳ ಮಗು ಹೊಟ್ಟೆಯಲ್ಲೇ ಹೋಯಿತು.

ಅವಳ ಬೀದಿಯ ಆಶಾ ಕಾರ್ಯಕರ್ತೆ ಪ್ರತಿಮಾ ಅದೇ ಮೈದಾನದಲ್ಲಿ, ಶಾಮಿಯಾನದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಅದು ಫಲಾನುಭವಿ ಮಹಿಳೆಯರ ಸಮಾವೇಶ. ಒಬ್ಬೊಬ್ಬ ಆಶಾ ಇಪ್ಪತ್ತೈದು ಹೆಂಗಸರನ್ನು ಕರೆತರಬೇಕು, ಬಸ್ಸಿನ ಮುಂದೆ ನಿಲ್ಲಿಸಿ ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು ಎಂದು ಆದೇಶವಾಗಿತ್ತು. ಅಂಗನವಾಡಿಯವರು, ಪಂಚಾಯ್ತಿಯವರು, ನರ್ಸಮ್ಮಂದಿರು, ಪೊಲೀಸರು ಎಲ್ಲರೂ ಅಲ್ಲೇ. ಆ ದಿನ ಸರ್ಕಾರ ಅನ್ನುವುದು ಇಡಿಯಾಗಿ ಎದ್ದು ಬಂದು ಒಂದು ಶಾಮಿಯಾನದ ಕೆಳಗೆ ಕೂತಿತ್ತು. ಊರುಗಳಲ್ಲಿ ಅದು ಇರಲಿಲ್ಲ.

"ಕುರಿ ತುಂಬ್ದಂಗೆ ತುಂಬ್ಕೊಂಡ್ ಬಂದವ್ರೆ ಕಣಮ್ಮಿ," ಎಂದಳು ಪಕ್ಕದೂರಿನ ಆಶಾ ಬೈರಮ್ಮ. "ಕುರಿಗಾದ್ರೂ ಒಸಿ ಸೊಪ್ಪು ಹಾಕ್ತಾರೆ. ನಮ್ಗೆ ಪಲಾವ್ ಬತ್ತದೆ, ಬತ್ತದೆ ಅಂತ ಹನ್ನೆರಡರಿಂದ ಹೇಳ್ತಾನೇ ಅವ್ರೆ."

"ಸುಮ್ಕಿರಕ್ಕ, ಮೇಡಮ್ ನೋಡ್ತಾವ್ರೆ."

"ನೋಡ್ಲಿ ಬುಡು. ಚಪ್ಪಾಳೆ ಹೊಡೆಯೋಕೆ ಕೈ ಬೇಕು ಅಂದ್ರೆ, ಆ ಕೈಗೆ ಹೊಟ್ಟೆ ಬ್ಯಾಡ್ವಾ?"

ಇಬ್ಬರೂ ಸೆರಗು ಬಾಯಿಗೊತ್ತಿ ನಕ್ಕರು. ಪ್ರತಿಮಾಳ ಫೋನು ಆಗ ಕಾಲ ಬಳಿಯ ಚೀಲದಲ್ಲಿ ಸದ್ದಿಲ್ಲದೆ ಮಿಸ್ಬಾಳ ಗಂಡ ಅಸ್ಗರನ ಹೆಸರು ತೋರಿಸುತ್ತಿತ್ತು. ಭಾಷಣದ ಹೊತ್ತಿನಲ್ಲಿ ಯಾರ ಕೈಯಲ್ಲಾದರೂ ಫೋನು ಕಂಡರೆ ನೋಟಿಸ್ ಎಂದು ಬೆಳಿಗ್ಗೆಯೇ ಹೇಳಿದ್ದರು. ನಾಲ್ಕೂಕಾಲಿಗೆ ತೆಗೆದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ಮೊದಲನೆಯದು ಎರಡು ಗಂಟೆ ಹತ್ತು ನಿಮಿಷದ್ದು.

"ಅಕ್ಕಾ, ಗಾಡಿ ಎಲ್ಲಿ ಬರ್ತಾ ಐತೆ?" ಅವಳು ತಿರುಗಿ ಫೋನ್ ಮಾಡಿದಾಗ ಅಸ್ಗರ್ ಕೇಳಿದ್ದು ಅಷ್ಟೇ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗಾಡಿ ಬರುತ್ತದೆಂಬ ನಂಬಿಕೆ ಆಗಲೂ ಇತ್ತು.

ಅವಳು ಆಂಬುಲೆನ್ಸಿನ ಡ್ರೈವರನನ್ನು ಹುಡುಕಿಕೊಂಡು ಓಡಿದಳು. "ಕಾನ್ವಾಯ್ ಹೊರಡೋಗಂಟ ಗಾಡಿ ಅಲ್ಲಾಡ್ಸಂಗಿಲ್ಲ ಅಂತ ಪೊಲೀಸ್ರು ಕೀಲಿ ಕಿತ್ಕೊಂಡವ್ರೆ ಕಣಕ್ಕ. ನಾನೇನ್ ಮಾಡ್ಲಿ, ಹೇಳು," ಎಂದು ಅವನು ಅಳುವಂತಾದ. ಪ್ರತಿಮಾ ಮತ್ತೆ ಅಸ್ಗರನಿಗೆ ಫೋನ್ ಮಾಡಿ, ಯಾವ ಗಾಡಿಯಾದರೂ ಸರಿ, ಹತ್ತಿಸಿ ಎಂದು ಕಿರುಚಿದಳು. ಎದುರು ಮನೆಯ ಬೈರಪ್ಪನ ಗೂಡ್ಸ್ ಆಟೊ ಎರಡೂವರೆಯಿಂದಲೂ ಬಾಗಿಲ ಮುಂದೆಯೇ ನಿಂತಿತ್ತು. ಅದರಲ್ಲಿ ಹತ್ತಿಸಿದರು. ಚನ್ನಪಟ್ಟಣ ಇನ್ನೂ ನಾಲ್ಕು ಮೈಲಿ ಇರುವಾಗಲೇ ಎಲ್ಲ ಮುಗಿಯಿತು.

ಅಲ್ಲಿಯವರೆಗೆ ಬೈರಪ್ಪ ಎಷ್ಟು ಕೂಗಿಕೊಂಡರೂ ಅವರು ಯಾಕೆ ಹತ್ತಿಸಲಿಲ್ಲ? ಪ್ರತಿಮಾ ಹತ್ತಿಸಬೇಡಿ ಎಂದಿದ್ದಳು, ಅದಕ್ಕೆ.

ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರ ಆ ಬೀದಿಗೆ ಅವಳು ಆರು ವರ್ಷ ಓಡಾಡಿದ್ದಳು. ಮೊದಮೊದಲು 'ಸರ್ಕಾರದೋಳು ಬಂದ್ಲು' ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಸ್ಗರನ ತಾಯಿ ಮುನ್ನೀ ಐದು ಮಕ್ಕಳನ್ನು ಮನೆಯಲ್ಲೇ ಹೆತ್ತವಳು, ಅದರಲ್ಲಿ ಎರಡನ್ನು ಮಣ್ಣು ಮಾಡಿದವಳು. ಅಂಥವಳನ್ನು ಒಲೆಯ ಪಕ್ಕ ಕೂತು, ಟೀ ಕುಡಿದು, ಕಾಡಿ ಬೇಡಿ ಒಪ್ಪಿಸಿದ್ದಳು. ಸೂಲಗಿತ್ತಿ ಬೇಡ. ಗೂಡ್ಸ್ ಆಟೊ ಬೇಡ, ಕುಲುಕಾಟಕ್ಕೆ ಜೀವಕ್ಕೇ ಅಪಾಯ. ನನಗೆ ಒಂದು ಫೋನ್ ಮಾಡಿ, ಗಾಡಿ ಬಾಗಿಲಿಗೆ ಬರುತ್ತದೆ, ಅದರಲ್ಲಿ ಆಕ್ಸಿಜನ್ ಇರುತ್ತದೆ, ನಾನೂ ಇರುತ್ತೇನೆ. ಸೊಸೆಯ ತಲೆಯ ಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡಿದ್ದಳು. ಮುನ್ನೀ ಆ ಮಾತು ಉಳಿಸಿಕೊಂಡಿದ್ದಳು.

ಹದಿಮೂರನೆಯ ದಿನ ತಾಲೂಕಿನ ಆರೋಗ್ಯ ಅಧಿಕಾರಿ ಅನಂತರಾಜು ಪ್ರತಿಮಾಳನ್ನು ಕರೆಸಿದರು. ತಾಯಿ ಸತ್ತಾಗ ತುಂಬಬೇಕಾದ ಫಾರಂ ಮೇಜಿನ ಮೇಲಿತ್ತು. ವಿಳಂಬಕ್ಕೆ ಕಾರಣ ಎಂಬಲ್ಲಿ ಅವಳು ಆಂಬುಲೆನ್ಸ್ ಸಿಗಲಿಲ್ಲ ಎಂದು ಬರೆದಿದ್ದಳು. ಅವರು ಆ ಫಾರಂ ಪಕ್ಕಕ್ಕೆ ಸರಿಸಿ ಹೊಸದೊಂದನ್ನು ಕೊಟ್ಟರು.

"'ಆಸ್ಪತ್ರೆಗೆ ಸೇರಿಸಲು ಮನೆಯವರು ಒಪ್ಪಲಿಲ್ಲ.' ಇಷ್ಟು ಬರಿ. ಕೆಳಗೆ ಅವಳ ಅತ್ತೆ ಹೆಬ್ಬೆಟ್ಟು ಹಾಕಿಸ್ಕೊಂಡು ಬಾ."

"ಒಪ್ಪಿದ್ರು ಸಾರ್. ಕಾಯ್ಕೊಂಡು ಕೂತಿದ್ರು."

"ನನಗೆ ಗೊತ್ತಿಲ್ವೇನಮ್ಮ? ಮೇಲಿಂದ ದಿನಕ್ಕೆ ನಾಲ್ಕು ಫೋನ್ ಬರ್ತಿದೆ. ಸಮಾವೇಶ ಅನ್ನೋ ಪದವೇ ಬರಬಾರದು ಅಂದಿದಾರೆ. ಆ ಬೀದಿಯೋರು ಮನೇಲೇ ಹೆರಿಗೆ ಮಾಡಿಸ್ಕೊಳ್ಳೋರು ಅಂತ ಲೋಕಕ್ಕೇ ಗೊತ್ತು. ಯಾರೂ ತಿರುಗಿ ಕೇಳಲ್ಲ." ಆಮೇಲೆ ದನಿ ತಗ್ಗಿಸಿದರು. "ನಿನಗೂ ಒಳ್ಳೇದು. ಹನ್ನೊಂದು ಸಲ ಫೋನ್ ಎತ್ತದೇ ಇದ್ದೋಳು ನೀನು."

ಆ ಮಾತು ನಿಜವಾಗಿತ್ತು. ಪ್ರತಿಮಾ ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಮುನ್ನೀ ಹೊಸ್ತಿಲಲ್ಲಿ ಕೂತಿದ್ದಳು. ಒಳಗೆ ಅಸ್ಗರ್ ಬೇಯುವ ಗೂಡಿನ ಹಂಡೆಯ ಮುಂದೆ ನೂಲು ತೆಗೆಯುತ್ತಿದ್ದ. ತಲೆ ಎತ್ತಿ ನೋಡಿ, ಮತ್ತೆ ಹಂಡೆಯತ್ತ ಬಗ್ಗಿದ. ಬೇಯುವ ಹುಳುವಿನ ವಾಸನೆ ಬೀದಿಯ ತನಕ ಹಬ್ಬಿತ್ತು. ಮಿಸ್ಬಾಳ ಹಸಿರು ದುಪಟ್ಟಾ ಇನ್ನೂ ತಂತಿಯ ಮೇಲೇ ಇತ್ತು. ಅದನ್ನು ತೆಗೆಯುವ ಕೆಲಸ ಯಾರದೆಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

"ಬಾ ಬೇಟಿ. ಟೀ ಇಡ್ಲಾ?"

ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ತೆಗೆದುಕೊಂಡು ಹೊಡೆದಿದ್ದರೂ ಚೆನ್ನಾಗಿತ್ತು.

"ಬ್ಯಾಡ ಮುನ್ನಮ್ಮ. ಒಂದು ಕಾಗ್ದ ಐತೆ."

"ಹೆಬ್ಬೆಟ್ಟಾ?" ಮುನ್ನೀ ಎಡಗೈ ಮುಂದೆ ಚಾಚಿದಳು. ಲಸಿಕೆಗೆ, ತಾಯಿ ಕಾರ್ಡಿಗೆ, ರೇಷನ್ನಿಗೆ ಚಾಚಿದಂತೆಯೇ. ಬಿಸಿನೀರಿನಲ್ಲಿ ನಲವತ್ತು ವರ್ಷ ಬೆಂದು ಬಿಳುಚಿದ ಬೆರಳುಗಳು.

"ಏನ್ ಬರಿಯಾಕ್ ಹೇಳವ್ರೆ ಅಂತ ಕೇಳಲ್ವಾ?"

"ನಂಗೆ ಓದಾಕ್ ಬರಲ್ಲ. ನೀ ಹಾಕು ಅಂದ್ರೆ ಹಾಕ್ತೀನಿ. ನೀ ಕಾಯಿ ಅಂದೆ, ಕಾದೆ. ಬೈರಪ್ಪ ಬಂದು ಬಾಯ್ ಬಾಯ್ ಬಡ್ಕೊಂಡ. ಏ ಮುದ್ಕಿ, ಎತ್ತಾಕು ಅಂದ. ಇಲ್ಲ ಕಣಪ್ಪಾ, ಪ್ರತಿಮಾಗೆ ಮಾತ್ ಕೊಟ್ಟಿವ್ನಿ ಅಂದೆ. ನಂದೇ ತಪ್ಪಾಯ್ತಾ ಬೇಟಿ? ಎರಡು ಹೆಣ ನೋಡಿದ್ದೆ ನಾನು. ರಕ್ತ ಆ ಪಾಟಿ ಹೋದ್ರೆ ಏನಾಗ್ತದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಸರ್ಕಾರದೋರಿಗೆ ನನ್ಗಿಂತ ಜಾಸ್ತಿ ಗೊತ್ತಿರ್ತದೆ ಅಂತ ಕೂತ್ಬುಟ್ಟೆ."

ಕೈ ಇನ್ನೂ ಚಾಚಿಯೇ ಇತ್ತು. ಪ್ರತಿಮಾ ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಫಾರಂ ತೆಗೆದು, ಅದರಲ್ಲಿ ಏನು ಬರೆಯಲು ಹೇಳಿದ್ದಾರೆಂಬುದನ್ನು ಒಂದೊಂದೇ ಪದವಾಗಿ ಹೇಳಿದಳು. ಒಳಗೆ ನೂಲಿನ ರಾಟೆ ನಿಂತಿತು.

"ಒಪ್ಪಲಿಲ್ವಾ?" ಎಂದ ಅಸ್ಗರ್. ಮತ್ತೆ ಅದನ್ನೇ ಕೇಳಿದ, ಇನ್ನೂ ಸಣ್ಣ ದನಿಯಲ್ಲಿ. "ನಾವು ಒಪ್ಪಲಿಲ್ವಾ, ಅಕ್ಕಾ?"

ಮಾರನೆಯ ದಿನ ಪ್ರತಿಮಾ ಅನಂತರಾಜು ಅವರ ಮೇಜಿನ ಮೇಲೆ ಫಾರಂ ಇಟ್ಟಳು. ಹೆಬ್ಬೆಟ್ಟು ಇರಲಿಲ್ಲ. ಕಾರಣದ ಜಾಗದಲ್ಲಿ ಅವಳ ಗುಂಡು ಅಕ್ಷರಗಳು ಅಂಚಿನವರೆಗೂ ತುಂಬಿದ್ದವು. ಮೊದಲ ಕರೆ ಎರಡು ಗಂಟೆ ಹತ್ತು ನಿಮಿಷಕ್ಕೆ ಬಂತು. ಆಶಾ ಕಾರ್ಯಕರ್ತೆಯಾದ ನಾನು ಎತ್ತಲಿಲ್ಲ, ಸಮಾವೇಶದಲ್ಲಿದ್ದೆ. ಆಂಬುಲೆನ್ಸ್ ಸಮಾವೇಶದಲ್ಲಿತ್ತು. ಮನೆಯವರು ಆಸ್ಪತ್ರೆಯ ಗಾಡಿಗೆ ಕಾದರು. ಕಾಯಿರಿ ಎಂದು ಹೇಳಿಕೊಟ್ಟವಳು ನಾನು.

ಅನಂತರಾಜು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಹುಚ್ಚು ಹಿಡಿದಿದ್ಯಾ ನಿನಗೆ? ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೊಂಡಿದೀಯ. ಹರಿದು ಹಾಕ್ತೀನಿ, ಇನ್ನೊಂದು ಬರಿ."

"ಹರೀರಿ ಸಾರ್. ಇನ್ನೊಂದು ಫಾರಂ ಕೊಟ್ರೂ ಇದೇ ಬರೀತೀನಿ."

"ಗಂಡ ಇಲ್ಲ, ಎರಡು ಹೆಣ್ಣು ಮಕ್ಳು. ಈ ಕೆಲಸ ಹೋದ್ರೆ ಏನ್ ಮಾಡ್ತೀಯ?"

ಪ್ರತಿಮಾ ಫಾರಂ ಮತ್ತೆ ಅವರ ಮುಂದಕ್ಕೆ ಸರಿಸಿದಳು.

ಅವರು ಒಂದು ಬಿಳಿ ಹಾಳೆ ತೆಗೆದು, ಪೆನ್ನಿನ ಸಮೇತ ಅವಳತ್ತ ತಳ್ಳಿದರು. "ಹಂಗಾದ್ರೆ ಇಲ್ಲಿ ಬರ್ಕೊಡು. ಸ್ವಂತ ಕಾರಣದಿಂದ ಕೆಲಸ ಬಿಡ್ತಾ ಇದೀನಿ ಅಂತ. ಮರ್ಯಾದೆಯಾಗಿ ಹೋಗು."

ಪ್ರತಿಮಾ ಹಾಳೆಯನ್ನು ನೋಡಿದಳು. ಪೆನ್ನು ಮುಟ್ಟಲಿಲ್ಲ.

"ಅದನ್ನೂ ಬರ್ಕೊಡಲ್ಲ ಸಾರ್. ನೀವೇ ತೆಗೀರಿ. ಯಾಕೆ ತೆಗೆದ್ರಿ ಅಂತ ನೀವೇ ಬರೀರಿ."