ಒಂದು ಮೊಳ ಮೇಲೆ ಕೂತ ಕಲ್ಲು

ನನ್ನ ಭಾವ ಕಿಲಿಯಾನ್ ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಒಂದೇ ಒಂದು ಸುಳ್ಳನ್ನು ಐವತ್ತು ವರ್ಷ ಸಾಕಿದರು. ಅದು ಬೆಳೆದು ಬೆಳೆದು ಕೊನೆಗೆ ನನ್ನ ಮನೆಯನ್ನೇ ನುಂಗಲು ಬಂತು.

ನನ್ನ ಹೆಸರು ಒಟ್ಟಿ, ನಮ್ಮದು ಹೊಲ್ಡರ್‌ಬಾಖ್ ಊರಿನ ಕೆಳಬೀದಿ. ಹಿಂಬಾಗಿಲು ತೆರೆದರೆ ಮಾಯ್ನ್ ಹೊಳೆ. ನನ್ನ ವೈನ್ ಅಂಗಡಿಯ ಗೋಡೆಯಲ್ಲಿ ಒಂದು ಕೆಂಪು ಕಲ್ಲಿದೆ. ಅದರ ಮೇಲೊಂದು ಗೀರು, ಗೀರಿನ ಪಕ್ಕ 1784. ಆ ವರ್ಷದ ನೆರೆ ಅಲ್ಲಿಯ ತನಕ ಏರಿತ್ತು ಎಂದು ಲೆಕ್ಕ. ನಾನು ಮದುವೆಯಾಗಿ ಬಂದಾಗ ಅದು ನನ್ನ ಭುಜದ ಎತ್ತರಕ್ಕಿತ್ತು. ಪೀಪಾಯಿ ತುಂಬಿದ ಬಂಡಿ ತಿರುಗಿಸುವಾಗಲೆಲ್ಲ ತಾಗುತ್ತಿತ್ತು.

"ಏ ಕಿಲಿಯಾನ್, ಆ ಹಾಳು ಕಲ್ಲನ್ನ ಸ್ವಲ್ಪ ಮೇಲಕ್ಕಿಡೋ," ಎಂದರು ಅತ್ತೆ. "ನೀರೇನು ವಾಪಸ್ ಬಂದು ಕೇಳುತ್ತಾ?"

ಗಾರೆ ಕೆಲಸದ ಭಾವ ಅದನ್ನು ಕಿತ್ತು, ಒಂದು ಮೊಳ ಮೇಲೆ ಕೂರಿಸಿ, ಹಳೆಯ ಜಾಗಕ್ಕೆ ಗಾರೆ ಮೆತ್ತಿದರು. ನೋಡಿದವರು ನಾವು ಮೂವರೇ. ಅತ್ತೆ ಆಮೇಲೆ ತೀರಿಕೊಂಡರು.

ಮುಂದೆ ಭಾವ ಊರಿನ ಚರಿತ್ರೆ ಸಂಘಕ್ಕೆ ಅಧ್ಯಕ್ಷರಾದರು. ಆಚೆ ದಡದ ರೀಟ್‌ಹೌಸೆನ್‌ನಲ್ಲಿ ಅದೇ ನೆರೆಯ ಗೀರು ಒಂದು ಮೊಳ ಕೆಳಗಿದೆಯಲ್ಲ, ಯಾಕೆ ಎಂದು ಯಾರೋ ಕೇಳಿದರಂತೆ. ಇವರು ಸುಮ್ಮನಿದ್ದರೆ ಆಗುತ್ತಿತ್ತು. "ಇಲ್ಲಿ ಹೊಳೆ ತಿರುಗುತ್ತೆ ನೋಡಿ, ಆ ಚಳಿಗಾಲದ ನೆರೇಲಿ ತೇಲಿಬಂದ ಮಂಜುಗಡ್ಡೆ ಎಲ್ಲಾ ನಮ್ಮ ದಡಕ್ಕೇ ಬಂದು ಗುದ್ದಿ ನೀರು ಮೇಲೇರಿತ್ತು," ಎಂದುಬಿಟ್ಟರು. ಅದನ್ನೇ ಪುಸ್ತಕ ಮಾಡಿದರು, ಶಾಲೆ ಮಕ್ಕಳಿಗೆ ಪಾಠ ಮಾಡಿದರು. ನಮ್ಮ ನೆರೆಯೇ ದೊಡ್ಡದು ಎಂದು ಊರಿಗೆ ಊರೇ ಮೀಸೆ ತಿರುವಿತು. ನನಗೆ ಒಳಗೊಳಗೇ ನಗು. ಏನೀಗ, ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಈ ವರ್ಷ ನೆರೆ ತಡೆಯುವ ಗೋಡೆ ಕಟ್ಟಲು ಎಂಜಿನಿಯರ್ ಹಾರ್ಟ್‌ಲೌಬ್ ಬಂದರು. ಪಾಪ, ಒಳ್ಳೆಯ ಹೆಂಗಸು. 1784ರ ನೀರಿಗೆ ನಮ್ಮೂರಲ್ಲಿ ಬೇರೆ ಸಾಕ್ಷಿ ಇಲ್ಲ, ಕಲ್ಲೊಂದೇ. ಅಷ್ಟೆತ್ತರದ ಗೋಡೆಗೆ ಅಗಲವಾದ ಬುನಾದಿ ಬೇಕು, ಹೊಳೆ ಕಡೆಯ ಒಂಬತ್ತು ಮನೆ ಕೆಡವಬೇಕು ಎಂದರು. ಅದರಲ್ಲಿ ನನ್ನದೂ ಒಂದು.

ನೇರ ಭಾವನ ಮನೆಗೆ ಹೋದೆ.

"ಭಾವ, ನಿಜ ಹೇಳಿಬಿಡಿ."

"ನನಗೆ ಎಂಬತ್ತೆರಡು ವರ್ಷ ಕಣೇ, ಒಟ್ಟಿ. ಈಗ ಊರ ಮುಂದೆ ಮಾನ ಕಳ್ಕೊಳ್ಳಲಾ? ನಾನು ಸತ್ತ ಮೇಲೆ ಹೇಳ್ಕೋ."

"ನೀವು ಸಾಯೋ ತನಕ ನನ್ನ ಮನೆ ಕಾಯುತ್ತಾ?"

ಅವರು ಮುಖ ತಿರುಗಿಸಿದರು. ನಾನು ಬಾಗಿಲು ದಢಾರನೆ ಹಾಕಿಕೊಂಡು ಬಂದೆ.

ಪುರಸಭೆಯಲ್ಲಿ ಗೋಡೆಯ ಬಗ್ಗೆ ಮತ ಹಾಕುವ ದಿನ ನಾನೇ ಎದ್ದು ನಿಂತೆ. "ಆ ಕಲ್ಲು..." ಎಂದೆ. ಮೊದಲ ಸಾಲಿನಲ್ಲಿ ಭಾವ ಕೋಟು ಹಾಕಿಕೊಂಡು ಕೂತಿದ್ದರು. ಅವರನ್ನು ಹೇಗೆ ಬೀದಿಗೆಳೆಯಲಿ?

"ಕೂತ್ಕೋ ಒಟ್ಟಿ," ಎಂದು ಅವರೇ ಎದ್ದರು. "ಅದು ನಾನು ಹೇಳಬೇಕಾದ ಮಾತು. ಆ ಕಲ್ಲನ್ನ ಮೇಲಕ್ಕಿಟ್ಟವನು ನಾನು. ಮಂಜುಗಡ್ಡೆ ಕಥೆಯೂ ನಂದೇ."

ಸಭೆ ಸಭೆಯೇ ನನ್ನ ಅಂಗಡಿಗೆ ನಡೆಯಿತು. ಭಾವ ಉಳಿ ಹಿಡಿದು ತಾವೇ ಗಾರೆ ಕೆತ್ತಿದರು, ಯಾರಿಗೂ ಮುಟ್ಟಲು ಬಿಡಲಿಲ್ಲ. ಭುಜದ ಎತ್ತರದಲ್ಲಿ ಕಲ್ಲಿನ ಅಳತೆಯದೇ ಗೂಡು ಸಿಕ್ಕಿತು, ತುಕ್ಕು ಹಿಡಿದ ಎರಡು ಕಬ್ಬಿಣದ ಮೊಳೆ ಸಮೇತ. ಹಾರ್ಟ್‌ಲೌಬ್ ಅಳೆದರು, ಮತ್ತೆ ಅಳೆದರು.

"ಆಚೆ ದಡದ ಗೀರಿಗೂ ಇದಕ್ಕೂ ಎರಡು ಬೆರಳು ವ್ಯತ್ಯಾಸ, ಅಷ್ಟೇ," ಎಂದರು.

"ಮನೆ?" ಎಂದೆ.

"ಇಷ್ಟೆತ್ತರಕ್ಕಾದ್ರೆ ಹೊಳೆಯಂಚಿನ ಕಾಲುದಾರಿ ಮೇಲೇ ಗೋಡೆ ನಿಲ್ಲಿಸಬಹುದು. ಒಂದು ಮನೆಯನ್ನೂ ಮುಟ್ಟಬೇಕಾಗಿಲ್ಲ."

ನಾನು ಮೆಟ್ಟಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಒಂದು ತಿಂಗಳಿಂದ ಎದೆ ಮೇಲೆ ಕೂತಿದ್ದ ಭಾರ ಇಳಿದಿತ್ತು. ಪಕ್ಕದ ಮನೆಯವಳು ನನ್ನನ್ನು ತಬ್ಬಿಕೊಂಡು ತಾನೂ ಅತ್ತಳು.

ಭಾವ ಮಾತ್ರ ಗೋಡೆಗೆ ಮುಖ ಮಾಡಿ ನಿಂತಿದ್ದರು. ಬೈಗುಳಕ್ಕೆ ಕಾಯುತ್ತಿದ್ದರು ಎಂದು ಕಾಣುತ್ತದೆ. ಬೇಕರಿಯ ಏಗಿಡ್ ಅವರ ಬೆನ್ನಿಗೊಂದು ಗುದ್ದಿದ.

"ಐವತ್ತು ವರ್ಷ ನಮ್ಮನ್ನೆಲ್ಲ ಒಂದು ಮೊಳ ಜಾಸ್ತಿ ನೀರಲ್ಲಿ ಮುಳುಗಿಸಿಟ್ಟಿದ್ದೆಯಲ್ಲೋ ಮುದುಕಪ್ಪ! ಬಾ, ಈಗಲಾದ್ರೂ ಒಂದು ಗ್ಲಾಸ್ ಹಾಕೋಣ."

ಎಲ್ಲರೂ ಹೋ ಎಂದು ನಕ್ಕರು. ಭಾವ ನಗಲಿಲ್ಲ. ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು.

"ಒಟ್ಟಿ, ನಾಡಿದ್ದು ಶಾಲೆ ಮಕ್ಕಳು ಬರ್ತವೆ. ಏನಂತ ಹೇಳ್ಲಿ?"

"ನೀರು ಇಷ್ಟೇ ಬಂದಿತ್ತು ಮಕ್ಕಳೇ, ಅಂತ ಹೇಳಿ ಭಾವ."

ಅವರು ಗೂಡಿನೊಳಗೆ ಕೈಯಿಟ್ಟು ನೋಡಿದರು. "ಇಷ್ಟೇ ಬಂದಿತ್ತು," ಎಂದರು. ಆಮೇಲೆ ನಕ್ಕರು.