ತಾನೇ ಶುರುವಾಗುವ ಡಬ್ಬಿ

"ಇದು ಬೇಡ, ಆ ಇನ್ನೊಂದು ಕೊಡಿ" ಎಂದಳು ಲೂಪೆ. ಬಾಯಿಂದ ಮಾತು ಪೂರ್ತಿ ಹೊರಬೀಳುವ ಮೊದಲೇ ಅವಳ ತೋಳಿನ ಒಳಭಾಗದ ಮೆತ್ತಗಿನ ಮಾಂಸಕ್ಕೆ ಗಂಡನ ಹೆಬ್ಬೆರಳು ಊರಿತು. ನೋಡುವವರ ಕಣ್ಣಿಗೆ ಸೆಮಿಸಿ ಹೆಂಡತಿಯ ತೋಳು ಹಿಡಿದು ನಿಂತ ಪ್ರೀತಿಯ ಗಂಡ. ಮೇಲೆ ಥಳುಕು, ಒಳಗೆ ಹುಳುಕು ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಆ ಹೆಬ್ಬೆರಳು ಊರಿದ್ದು ಗುರುವಾರದ ಹಳೇ ಗಾಯದ ಮೇಲೆಯೇ.

ಕೌಂಟರಿನ ಹಿಂದಿದ್ದ ಬ್ರಿಯೊನಿ ಎಂಬ ಹುಡುಗಿ ಎರಡು ಡಬ್ಬಿಗಳನ್ನು ಮುಂದಿಟ್ಟಿದ್ದಳು. ಅಂಗೈ ಅಗಲದ ಕಪ್ಪು ಡಬ್ಬಿಗಳು. ಟೀವಿಗೆ ಸಿಕ್ಕಿಸಿ ಮನೆಯ ವೈಫೈ ಕೊಟ್ಟರೆ ಲೋಕದ ಸಿನಿಮಾ, ಧಾರಾವಾಹಿ, ಆಟ ಎಲ್ಲ ಹಜಾರಕ್ಕೆ ಬಂದು ಬೀಳುತ್ತವೆ. ಒಂದು ಡಬ್ಬಿ ಹೆಸರುಗಳ ಸಾಲು ತೋರಿಸಿ, ನೀವು ಗುಂಡಿ ಒತ್ತುವ ತನಕ ಸುಮ್ಮನಿರುತ್ತದೆ. ಇನ್ನೊಂದು ಟೀವಿ ಹಾಕಿದ್ದೇ ತಡ, ತನಗೆ ತೋಚಿದ ಸಿನಿಮಾದ ತುಣುಕನ್ನು ತಾನೇ ಶುರು ಮಾಡುತ್ತದೆ. ಅಂಗಡಿಯ ಗೋಡೆಯ ದೊಡ್ಡ ಪರದೆಗೆ ಅದನ್ನೇ ಹಾಕಿದ್ದರು. ಅಲ್ಲೊಬ್ಬ ಗಂಡಸು ಒಬ್ಬ ಹೆಂಗಸಿನ ಕುತ್ತಿಗೆಗೆ ಮುಖವಿಟ್ಟು ನಿಂತಿದ್ದ. ಲೂಪೆ ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿ ನೋಡಿದಳು. ತಮ್ಮ ಫೆಲೆತಿ ಹೊರಗೆ ವ್ಯಾನಿನಲ್ಲಿದ್ದ, ಸದ್ಯ.

ಎಲ್ಲರೂ ಇದನ್ನೇ ಒಯ್ಯುತ್ತಾರೆ, ಹುಡುಕುವ ತಾಪತ್ರಯವಿಲ್ಲ ಎಂದಳು ಹುಡುಗಿ. ನಮ್ಮ ಮನೆಯಲ್ಲಿ ತಮ್ಮ ಇದ್ದಾನೆ ಎಂದಳು ಲೂಪೆ. ತಮ್ಮನಿಗೂ ಡಬ್ಬಿಗೂ ಏನು ಸಂಬಂಧ ಎಂದು ಹುಡುಗಿಗೆ ತಿಳಿಯಲಿಲ್ಲ. ಆಸ್ಟ್ರೇಲಿಯಾದ ಈ ಮಿಲ್ಡುರಾದ ಬಿಳಿಯರ ಮನೆಗಳಲ್ಲಿ ಅಕ್ಕತಮ್ಮಂದಿರು ಒಂದೇ ಸೋಫಾದ ಮೇಲೆ ಬಿದ್ದುಕೊಂಡು ಎಂಥ ಸಿನಿಮಾ ಬೇಕಾದರೂ ನೋಡುತ್ತಾರೆ. ಲೂಪೆಯಂತೆ ಟೊಂಗಾ ದ್ವೀಪದಿಂದ ಬಂದವರಲ್ಲಿ ಹಾಗಿಲ್ಲ. ಹುಡುಗನಿಗೆ ಮೀಸೆ ಚಿಗುರುವ ಹೊತ್ತಿಗೆ ಅಕ್ಕನ ಕೋಣೆಗೆ ಕಾಲಿಡುವುದು ನಿಲ್ಲುತ್ತದೆ. ಅವಳ ಎದುರು ಒಂದು ಹಗುರ ಮಾತೂ ಆಡುವುದಿಲ್ಲ. ಪರದೆಯ ಮೇಲೆ ಗಂಡು ಹೆಣ್ಣು ಮುಟ್ಟಿಕೊಂಡರೆ ತಲೆ ತಗ್ಗಿಸಿ ಎದ್ದು ಹೋಗುತ್ತಾನೆ. ರಗ್ಬಿ ಆಟ ಆದೀತು, ವಾರ್ತೆ ಆದೀತು. ಅಷ್ಟೇ.

ಹಳೆಯ ಟೀವಿಯಲ್ಲಿ ಇದ್ದದ್ದೂ ಅಷ್ಟೇ. ಹಾಗಾಗಿ ಫೆಲೆತಿ ಸಂಜೆ ದ್ರಾಕ್ಷಿತೋಟದ ಕೆಲಸ ಮುಗಿಸಿ ಬಂದು, ಹಜಾರದ ಬಾಗಿಲ ಪಕ್ಕ ಚಾಪೆಯ ಮೇಲೆ ಕೂತು, ಆಟ ನೋಡುತ್ತ ಉಣ್ಣುತ್ತಿದ್ದ. ಅವನು ಅಲ್ಲಿ ಗುಡ್ಡದ ಹಾಗೆ ಕೂತಿರುವಷ್ಟು ಹೊತ್ತು ಸೆಮಿಸಿಯ ಕೈ ತನ್ನ ತೊಡೆಯ ಮೇಲೇ ಇರುತ್ತಿತ್ತು. ಆ ಟೀವಿ ಕೆಟ್ಟಿತು. ಫೆಲೆತಿ ಅಕ್ಕನಿಗೆಂದು ಹೊಸದು ತಂದುಕೊಟ್ಟ. ಅದಕ್ಕೆ ಡಬ್ಬಿ ನಾನು ಕೊಡಿಸುತ್ತೇನೆ ಎಂದು ಸೆಮಿಸಿ ಹೊರಟಾಗಲೇ ಲೂಪೆಯೂ ಜೊತೆಗೆ ಹೊರಟಿದ್ದಳು. ಯಾವ ಡಬ್ಬಿ ಮನೆಗೆ ಬರುತ್ತದೆ ಎನ್ನುವುದರ ಮೇಲೆ ಅವಳ ಸಂಜೆಗಳು ನಿಂತಿದ್ದವು. ಅದು ಅವಳಿಗೆ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತು.

ತಾನೇ ಶುರುವಾಗುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಲೂ ಬರುತ್ತದೆ ಎಂದು ಬ್ರಿಯೊನಿ ಹೇಳಿದಳು.

"ಅದೆಲ್ಲ ನಾನ್ ನೋಡ್ಕೋತೀನಿ ಬಿಡಮ್ಮ, ಪ್ಯಾಕ್ ಮಾಡು" ಎಂದ ಸೆಮಿಸಿ. ಅವನ ನಗು ಚೆನ್ನಾಗಿತ್ತು. ಚರ್ಚಿನ ಹಾಡುಗಾರರ ಸಾಲಿನಲ್ಲಿ ಹಿಂದೆ ನಿಂತು ಅವನು ತೆಗೆಯುವ ಗಡಸು ದನಿಗೆ ಊರಿನ ಟೊಂಗಾ ಹೆಂಗಸರೆಲ್ಲ ಮರುಳಾಗಿದ್ದರು. ಕೂಲಿಯವರನ್ನು ತೋಟಕ್ಕೆ ಒಯ್ಯುವ ವ್ಯಾನು ಅವನದೇ. ಯಾರಿಗೆ ಕೆಲಸ, ಯಾರಿಗಿಲ್ಲ ಎಂದು ಹೇಳುವವನೂ ಅವನೇ.

ಸಂಜೆ ಡಬ್ಬಿ ಸಿಕ್ಕಿಸಿದ. ಫೆಲೆತಿ ಎಂದಿನಂತೆ ಬಾಗಿಲ ಪಕ್ಕ ಕೂತು, ಬೇಯಿಸಿದ ಮರಗೆಣಸನ್ನು ತೆಂಗಿನಹಾಲಿನ ಮಾಂಸಕ್ಕೆ ಅದ್ದುತ್ತಿದ್ದ. ಆಟ ಬರುತ್ತದೇನೋ ಎಂದು ಮುಖವೆತ್ತಿದ. ಬಂದದ್ದು ಮಂಚ. ಮಂಚದ ಮೇಲೆ ಇಬ್ಬರು. ಅವನ ಕಿವಿ ಕೆಂಪಾಯಿತು. ತಟ್ಟೆ ಎತ್ತಿಕೊಂಡು, ಸೊಂಟ ಬಾಗಿಸಿ, ಅಕ್ಕನ ಎದುರು ಹಾದುಹೋಗುವಾಗ ಹೇಳಬೇಕಾದ ಕ್ಷಮೆಯ ಮಾತನ್ನು ಗೊಣಗಿ, ಕಾರು ನಿಲ್ಲಿಸುವ ಶೆಡ್ಡಿನ ತನ್ನ ಕೋಣೆಗೆ ಹೊರಟುಹೋದ. ಸೆಮಿಸಿ ತೊಡೆ ತಟ್ಟಿ ನಕ್ಕ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆಮೇಲೆ ರಿಮೋಟಿನಿಂದ ಸದ್ದು ಏರಿಸಿದ. ಅಂಗಡಿಯಲ್ಲಿ ಪರರ ಮುಂದೆ ನನಗೆ ಎದುರಾಡುತ್ತೀಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಪಕ್ಕೆಗೆ ಗುದ್ದಿದ. ಅವಳು ಮುಂದಕ್ಕೆ ಬಗ್ಗಿದಾಗ ಜುಟ್ಟು ಹಿಡಿದು ನೆಲಕ್ಕೆ ಎಳೆದ. ಮುಖಕ್ಕೆ ಹೊಡೆಯುವ ದಡ್ಡನಲ್ಲ ಅವನು. ಭಾನುವಾರ ಅವಳು ಬಿಳಿ ಬಟ್ಟೆ ಉಟ್ಟು ಅವನ ಪಕ್ಕ ನಡೆಯಬೇಕಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ಸದ್ದು ಏರಿದಷ್ಟೂ ಫೆಲೆತಿ ದೂರ ಹೋಗುತ್ತಿದ್ದ. ಅಂಥ ಸಿನಿಮಾದ ಉಸಿರಾಟ ಅಕ್ಕನ ಮನೆಯಿಂದ ಕೇಳಿಬರುವಾಗ ಗೋಡೆಯಾಚೆ ಇರುವುದೂ ತಪ್ಪು ಎಂದು ಅವನ ಎಣಿಕೆ. ಮೊದಲು ಶೆಡ್ಡಿನ ಬಾಗಿಲು ಮುಚ್ಚಿಕೊಂಡ. ಆಮೇಲೆ ತೋಟದ ಅಂಚಿಗೆ ಹೋಗಿ ಕೂತ. ಕೊನೆಗೆ ನದಿಯ ದಂಡೆಗೆ ಗಾಳ ಹಿಡಿದುಕೊಂಡು ಹೋಗತೊಡಗಿದ. ಭಾವನಿಗೆ ಇತ್ತೀಚೆಗೆ ಸಿನಿಮಾದ ಹುಚ್ಚು ಎಂದು ತೋಟದಲ್ಲಿ ಯಾರಿಗೋ ಹೇಳಿದನಂತೆ. ಅಕ್ಕನಿಗೆ ಮರ್ಯಾದೆ ಕೊಡುತ್ತಿದ್ದೇನೆ ಎಂದುಕೊಂಡು ಅವಳನ್ನು ಹುಲಿಯ ಬಾಯಿಗೆ ಬಿಟ್ಟು ನಡೆಯುತ್ತಿದ್ದ, ಪಾಪದವನು.

ಒಂದು ಮಧ್ಯಾಹ್ನ ಲೂಪೆ ಒಬ್ಬಳೇ ಇದ್ದಾಗ ರಿಮೋಟು ಹಿಡಿದು, ಬ್ರಿಯೊನಿ ಹೇಳಿದ್ದನ್ನು ಹುಡುಕಿ, ತಾನೇ ಶುರುವಾಗುವುದನ್ನು ನಿಲ್ಲಿಸಿದಳು. ಆ ಸಂಜೆ ಪರದೆ ಹೆಸರುಗಳ ಸಾಲು ತೋರಿಸಿ ತೆಪ್ಪಗಿತ್ತು. ಫೆಲೆತಿ ಬಾಗಿಲಲ್ಲಿ ಇಣುಕಿ, ಕೂತು, ಪೂರ್ತಿ ಆಟ ನೋಡಿ ಉಂಡು ಎದ್ದ. ಮರುದಿನ ಸೆಮಿಸಿ ಡಬ್ಬಿಯನ್ನು ಮತ್ತೆ ತಾನೇ ಶುರುವಾಗುವಂತೆ ಮಾಡಿ, ಅವಳ ಎಡಗೈ ಹಿಡಿದು ಟೀವಿ ಮೇಜಿನ ಡ್ರಾಯರಿಗೆ ಇಟ್ಟು ಮೊಣಕಾಲಿನಿಂದ ಅದನ್ನು ಮುಚ್ಚಿದ. ಎರಡು ಬೆರಳು ಊದಿ ಬದನೆಕಾಯಿಯಾದವು. ತಾನು ಕೆಲಸಕ್ಕೆ ಹೋಗುವ ಹಣ್ಣು ತುಂಬುವ ಶೆಡ್ಡಿನಲ್ಲಿ ಕೈ ಮೇಲೆ ಕ್ರೇಟು ಬಿತ್ತೆಂದು ಹೇಳಿದಳು. ಎಲ್ಲರೂ ನಂಬಿದರು. ನಂಬುವುದು ಸುಲಭವಾಗಿತ್ತು.

ಕೂಗಿ ಕರೆಯಬಾರದೇ ಎಂದು ಯಾರಾದರೂ ಕೇಳಿಯಾರು. ಫೆಲೆತಿ ಎರಡು ವರ್ಷದ ಹಿಂದೆ ಹೆಂಡದಂಗಡಿಯ ಮುಂದೆ ಒಬ್ಬನ ದವಡೆ ಮುರಿದಿದ್ದ. ಇನ್ನೊಮ್ಮೆ ಕೈ ಎತ್ತಿದರೆ ಜೈಲು, ಜೈಲು ಮುಗಿದ ಮೇಲೆ ಟೊಂಗಾದ ಊರಿಗೆ ವಿಮಾನ ಎಂದು ಕೋರ್ಟು ಹೇಳಿ ಬಿಟ್ಟಿತ್ತು. ಊರಲ್ಲಿ ತಾಯಿ ತಿನ್ನುವ ಅನ್ನ ಅವನ ದುಡಿಮೆಯದು. ಅಕ್ಕನ ಮೈಮೇಲಿನ ಒಂದು ಬರೆ ಕಂಡರೂ ಫೆಲೆತಿ ಈ ಗಂಡಸನ್ನು ಜೀವಸಹಿತ ಬಿಡುವವನಲ್ಲ. ಲೂಪೆ ಹಲ್ಲು ಕಚ್ಚಿದ್ದು ಗಂಡನ ಮಾನ ಉಳಿಸಲು ಅಲ್ಲ, ತಮ್ಮನನ್ನು ಉಳಿಸಲು. ಸೆಮಿಸಿಗೆ ಇದೂ ಚೆನ್ನಾಗಿ ಗೊತ್ತು. ಹೊಡೆಯುವಾಗ ಆ ಮಾತನ್ನೇ ಹೇಳಿ ಹೊಡೆಯುತ್ತಿದ್ದ.

"ಕರಿಯೇ ನಿನ್ ತಮ್ಮನ್ನ. ಬಂದು ಒಂದೇ ಒಂದ್ ಏಟ್ ಹಾಕ್ಲಿ ನಂಗೆ. ನಾನೇ ಅವನ್ನ ವಿಮಾನ ಹತ್ತಿಸ್ತೀನಿ."

ಶನಿವಾರ ಮಧ್ಯಾಹ್ನ. ಬಿಸಿಲು ಕಿಟಕಿಯಿಂದ ಬಂದು ಹಜಾರದ ಅರ್ಧ ಚಾಪೆಯ ಮೇಲೆ ಬಿದ್ದಿತ್ತು. ಮಾಂಸಕ್ಕೆ ಉಪ್ಪು ಹೆಚ್ಚಾಗಿದೆ ಎನ್ನುವುದು ಅವತ್ತಿನ ನೆಪ. ಪರದೆಯ ಮೇಲೆ ಯಾರೋ ಹೆಂಗಸು ಹೋಟೆಲಿನ ಕೋಣೆಯಲ್ಲಿ ಗಟ್ಟಿಯಾಗಿ ನಗುತ್ತಿದ್ದಳು. ಸೆಮಿಸಿ ಬೆಲ್ಟು ಬಿಚ್ಚಿದ್ದ. ಬೆನ್ನು, ತೊಡೆ, ಮೀನಖಂಡ, ಒಂದನ್ನೂ ಬಿಡಲಿಲ್ಲ. ಹಣ್ಣುಗಾಯಿ ನೀರುಗಾಯಿ ಮಾಡಿದ. ಅವಳು ತೆವಳಿ ಅಡುಗೆಮನೆಯ ಕಡೆ ಸರಿದಾಗ ಬಕಲಿನ ತುದಿ ತಿರುಗಿ ಹುಬ್ಬಿಗೆ ಬಡಿದು ಸೀಳಿತು. ಮುಖಕ್ಕೆ ಹೊಡೆಯಬಾರದೆಂಬ ತನ್ನದೇ ಕಟ್ಟಳೆ ಮುರಿದದ್ದಕ್ಕೆ ಅವನಿಗೆ ಇನ್ನೂ ಸಿಟ್ಟು ಬಂತು. ಬೆನ್ನಿನ ಮೇಲೆ ಕಾಲಿಟ್ಟು ಒತ್ತಿದ.

ಆಗ ಹಿತ್ತಲ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಫೆಲೆತಿ ನದಿಯಿಂದ ಬಂದಿದ್ದ. ಮೊದಲು ಸಿಕ್ಕ ಮೀನು ಅಕ್ಕನದು. ಎಂದಿನಿಂದಲೂ ಹಾಗೇ. ಜಾಲರಿ ಬಾಗಿಲಿನಾಚೆ ಅವನ ಕೆಸರು ಮೆತ್ತಿದ ಹಿಮ್ಮಡಿಗಳು ಲೂಪೆಗೆ ಕಂಡವು. ಬಾಗಿಲಿಗೆ ಬೆನ್ನು ಮಾಡಿ, ದ್ರಾಕ್ಷಿಯ ಸಾಲುಗಳ ಕಡೆ ಮುಖವಿಟ್ಟು ನಿಂತಿದ್ದ.

"ಅಕ್ಕಾ, ಮೀನು ಮೆಟ್ಲ ಮೇಲೆ ಇಟ್ಟಿದೀನಿ. ನಾನ್ ಹೋಗ್ತೀನಿ."

ನಾಲ್ಕು ಮಾರು ದೂರದಲ್ಲಿ ಅವನು. ಒಂದು ಸಲ ತಿರುಗಿದರೆ ಕಾಣುತ್ತದೆ. ತಿರುಗುವುದಿಲ್ಲ. ಸಾಯುವ ತನಕವೂ ತಿರುಗುವುದಿಲ್ಲ ಎಂದು ಲೂಪೆಗೆ ಆ ಹಿಮ್ಮಡಿಗಳನ್ನು ನೋಡುತ್ತ ಖಚಿತವಾಯಿತು. ಅವನ ಮೇಲೂ ಸಿಟ್ಟು ಉಕ್ಕಿತು.

"ಕರಿ" ಎಂದ ಸೆಮಿಸಿ ಮೆಲ್ಲಗೆ, ಬಗ್ಗಿ, ಅವಳ ಕಿವಿಯಲ್ಲಿ.

ವಯಸ್ಸಿನಲ್ಲಷ್ಟೇ ಅಲ್ಲ, ಅಂತಸ್ತಿನಲ್ಲೂ ಅಕ್ಕ ದೊಡ್ಡವಳು, ತಮ್ಮ ಚಿಕ್ಕವನು. ಇದನ್ನು ಅವಳು ಹುಟ್ಟಿನಿಂದ ಕೇಳಿದ್ದಳು. ಹಾಗೆಂದರೆ ಔತಣದಲ್ಲಿ ಹಂದಿಯ ಒಳ್ಳೆಯ ತುಂಡು ತನಗೆ, ಸಾವಿನ ಮನೆಯಲ್ಲಿ ಉಡುಗೊರೆ ಕೊಡುವ ನಯವಾದ ಚಾಪೆ ತನಗೆ, ಅಷ್ಟೇ ಎಂದುಕೊಂಡಿದ್ದಳು. ಆದರೆ ಫೆಲೆತಿ ಅವಳ ಒಂದು ಮಾತನ್ನೂ ಈವರೆಗೆ ಮೀರಿದವನಲ್ಲ. ಬಾ ಎಂದು ಕರೆದರೆ ಬರುತ್ತಾನೆ ಎಂದು ಹೆದರಿದ್ದಳೇ ಹೊರತು, ಹೇಗೆ ಬರಬೇಕು ಎಂದು ಹೇಳುವ ಹಕ್ಕೂ ತನ್ನದೇ ಎಂದು ಹೊಳೆದಿರಲಿಲ್ಲ. ಆ ಹಕ್ಕು ಇವತ್ತು ನಡೆಯುತ್ತದೋ ಇಲ್ಲವೋ ದೇವರೇ ಬಲ್ಲ. ನಡೆಯದಿದ್ದರೆ ತಮ್ಮ ಜೈಲಿಗೆ.

"ಫೆಲೆತಿ, ಒಳಗ್ ಬಾ."

"ಟೀವಿ ನಡೀತಿದೆ ಅಕ್ಕ."

"ನಡೀಲಿ. ಬಾ ಒಳಗೆ. ಏನೇ ಕಂಡ್ರೂ ಕೈ ಎತ್ತಬೇಡ. ನಾನ್ ಹೇಳೋ ತನ್ಕ ಕೈ ಎತ್ತಬೇಡ."

ಜಾಲರಿ ಬಾಗಿಲು ಕಿರುಗುಟ್ಟಿತು. ಅವನು ತಲೆ ತಗ್ಗಿಸಿಕೊಂಡೇ ಬಂದ. ನೆಲ ನೋಡುತ್ತ ಬಂದವನಿಗೆ ನೆಲದ ಮೇಲೆ ಅಕ್ಕನೇ ಕಂಡಳು. ಹುಬ್ಬಿನಿಂದ ರಕ್ತ ಕಣ್ಣಿಗಿಳಿದಿತ್ತು. ಬೆನ್ನ ಮೇಲೆ ಭಾವನ ಕಾಲಿತ್ತು. ಪರದೆಯ ಹೆಂಗಸು ಇನ್ನೂ ನಗುತ್ತಿದ್ದಳು. ಫೆಲೆತಿಯ ಗಂಟಲಿನಿಂದ ಹೊರಟ ಸದ್ದು ಮನುಷ್ಯರದಾಗಿರಲಿಲ್ಲ. ಮುಷ್ಟಿ ಕಟ್ಟಿತು, ಭುಜ ಏರಿತು. ಸೆಮಿಸಿ ಹಿಂದಕ್ಕೆ ಸರಿದು ಗೋಡೆಗೆ ತಾಗಿದ.

"ಕೂತ್ಕೋ" ಎಂದಳು ಲೂಪೆ.

"ಅಕ್ಕಾ..."

"ನಾನ್ ನಿನ್ನಕ್ಕ ಹೌದೋ ಅಲ್ವೋ? ಕೂತ್ಕೋ. ಇಲ್ಲಿ, ನನ್ ಮುಂದೆ."

ಅವನು ಕೂತ. ಅಕ್ಕನಿಗೂ ಭಾವನಿಗೂ ನಡುವೆ, ಚಾಪೆಯ ಮೇಲೆ, ಚಕ್ಕಳಮಕ್ಕಳ ಹಾಕಿ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ತೊಡೆಯ ಕೆಳಗೆ ತುರುಕಿ, ಅದರ ಮೇಲೆ ತನ್ನ ಮೈಭಾರವನ್ನೆಲ್ಲ ಹಾಕಿದ.

ಸೆಮಿಸಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕ. "ಏನ್ ಬಾಮೈದ, ಇವತ್ತು ಅಕ್ಕನ್ ಜೊತೆ ಕೂತು ಇಂಥ ಸಿನಿಮಾ ನೋಡ್ತೀಯಾ? ನಾಚ್ಕೆ ಇಲ್ವಾ?" ಎಂದು ಬೆಲ್ಟಿನಿಂದ ಅವನ ಮುಖಕ್ಕೆ ಬಾರಿಸಿದ. ಫೆಲೆತಿ ಅಲುಗಲಿಲ್ಲ. ಏಳಲಿ ಎಂದೇ ಹೊಡೆಯುತ್ತಿದ್ದ ಸೆಮಿಸಿ. ಒಂದು ಏಟು ತಿರುಗಿ ಬಂದರೆ ಅವನು ಗೆದ್ದ. ಬೆಲ್ಟು ಬಿಸಾಡಿ ಮುಷ್ಟಿಯಿಂದ ಗುದ್ದಿದ. ಮೂಗು ಲಟಕ್ಕೆಂದಿತು. ತುಟಿ ಒಡೆದು, ಒಂದು ಹಲ್ಲು ಚಾಪೆಯ ಮೇಲೆ ಬಿತ್ತು. ಎದೆಗೆ ಒದ್ದಾಗ ಫೆಲೆತಿ ಹಿಂದಕ್ಕೆ ವಾಲಿ ಅಕ್ಕನ ಮೊಣಕಾಲಿಗೆ ತಾಗಿ, ಮತ್ತೆ ನೆಟ್ಟಗಾದ. ತೋಳಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಕೈ ಮಾತ್ರ ಹೊರಗೆ ಬರಲಿಲ್ಲ. ಅವನ ಕಣ್ಣಿಂದ ಧಾರಾಕಾರ ನೀರು ಸುರಿಯುತ್ತಿತ್ತು. ನೋವಿಗಲ್ಲ.

ಲೂಪೆಗೆ ತನ್ನ ಏಟುಗಳೆಲ್ಲ ಸೇರಿದರೂ ಇಷ್ಟು ಉರಿದಿರಲಿಲ್ಲ. ಸಾಕು, ಎತ್ತು ಕೈ, ಎಂದು ಬಾಯಿಗೆ ಬಂದ ಮಾತನ್ನು ನುಂಗಿದಳು. ಅವಳ ಫೋನು ಗಂಡನ ಹತ್ತಿರ ಇರುತ್ತಿತ್ತು. ತಮ್ಮನ ಅಂಗಿಯ ಜೇಬಿಗೆ, ಬುದ್ಧಿ ಬಂದ ಮೇಲೆ ಮುಟ್ಟದ ತಮ್ಮನ ಎದೆಗೆ, ಹಿಂದಿನಿಂದ ಕೈ ಹಾಕಿ ಅವನ ಫೋನು ತೆಗೆದು ಪೊಲೀಸರ ನಂಬರು ಒತ್ತಿದಳು. ರಸ್ತೆಯ ಹೆಸರು, ತೋಟದ ಹೆಸರು ಹೇಳಿದಳು. ಹೊಡೆಯುತ್ತಿರುವವನು ನನ್ನ ಗಂಡ, ನನ್ನ ತಮ್ಮ ಕೈ ಎತ್ತಿಲ್ಲ, ಅವನು ಕೂತಿದ್ದಾನೆ, ಬರೆದುಕೊಳ್ಳಿ, ಕೂತಿದ್ದಾನೆ ಎಂದು ಸಿನಿಮಾದ ಸದ್ದಿನ ಮೇಲೆ ದನಿ ಏರಿಸಿ ಎರಡೆರಡು ಸಲ ಹೇಳಿದಳು.

ಫೋನು ಕಸಿಯಲು ಸೆಮಿಸಿ ಬಗ್ಗಿದ. ಫೆಲೆತಿ ಕೈ ತೆಗೆಯದೆ ಬರೀ ಮೈಯನ್ನು ಪಕ್ಕಕ್ಕೆ ವಾಲಿಸಿ ಬಂಡೆಯಂತೆ ಅಡ್ಡವಾದ. ಸೆಮಿಸಿಯ ಗೆಣ್ಣುಗಳು ಸುಲಿದು ರಕ್ತ ಬರುತ್ತಿತ್ತು. ಏದುಸಿರು ಬಿಡುತ್ತ ಇಬ್ಬರನ್ನೂ ನೋಡಿದ. ವ್ಯಾನಿನ ಬೀಗದಕೈ ಹುಡುಕಿಕೊಂಡು ಹೊರಗೆ ಓಡಿದ. ಗಾಲಿಗಳು ಜಲ್ಲಿ ಎರಚಿದ ಸದ್ದು ರಸ್ತೆಯ ತನಕ ಕೇಳಿಸಿತು.

ಸಿನಿಮಾ ಮುಗಿದು ಇನ್ನೊಂದು ತಾನೇ ಶುರುವಾಯಿತು. ಅಲ್ಲಿಯೂ ಒಬ್ಬ ಗಂಡು, ಒಬ್ಬಳು ಹೆಣ್ಣು. ಅಕ್ಕತಮ್ಮ ಇಬ್ಬರೂ ಏಳಲಿಲ್ಲ. ರಿಮೋಟು ಎಲ್ಲಿ ಬಿದ್ದಿತ್ತೋ.

"ಅಕ್ಕಾ" ಎಂದ ಫೆಲೆತಿ ಒಡೆದ ತುಟಿಯಿಂದ. "ಈಗ್ ಕೈ ತೆಗೀಲಾ?"

ಲೂಪೆ ಅವನ ಎದುರಿಗೆ ಬಂದು ಕೂತಳು. ಅವನ ಕೈಗಳು ಜೋಮು ಹಿಡಿದು ತಾವಾಗಿ ಬರಲೊಲ್ಲವು. ಒಂದೊಂದನ್ನಾಗಿ ಅವಳೇ ತೊಡೆಯ ಕೆಳಗಿನಿಂದ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಿಳಿಚಿದ ಅಂಗೈಗಳ ತುಂಬ ಚಾಪೆಯ ಹೆಣಿಗೆ ಆಳವಾಗಿ ಮೂಡಿತ್ತು. ಊದಿದ ಬೆರಳುಗಳಿಂದಲೇ ಅವಳು ಅದನ್ನು ಮೆಲ್ಲಗೆ ತಿಕ್ಕುತ್ತ ಕೂತಳು.